ಗಾಜಿನ ಮುಂದೆ ನಿಂತವಳು

ನನ್ನ ಐವತ್ತೆಂಟನೆಯ ಹುಟ್ಟುಹಬ್ಬದ ದಿನ ಗಂಡನ ಅಕ್ಕ ರೀಟ್ ದೊಡ್ಡದೊಂದು ರಟ್ಟಿನ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು. ಕುರ್ಚಿಗಳನ್ನೆಲ್ಲ ಗೋಡೆಗೆ ತಾಗಿಸಿ ದುಂಡಗೆ ಜೋಡಿಸಿದ್ದೆವು. ಬಂದವರು ನಮ್ಮ ಕಡೆಯ ರೂಢಿಯಂತೆ ನನಗೆ, ನನ್ನ ಗಂಡ ಬೆರೆಂಡ್‌ಗೆ, ಪಕ್ಕದ ಮನೆಯವರಿಗೆ, ಆಮೇಲೆ ಒಬ್ಬರಿಗೊಬ್ಬರು ಅಭಿನಂದನೆ ಹೇಳಿ ಮುಗಿಸಿ, ತಲೆಗೊಂದು ತುಂಡು ಸೇಬಿನ ಕೇಕ್ ತಿಂದು, ಎರಡನೆಯ ಕಾಫಿಗೆ ಕಾಯುತ್ತಿದ್ದರು. ಡಬ್ಬಿಯಲ್ಲಿ ಪಿಂಗಾಣಿಯ ಬಕಪಕ್ಷಿ ಇತ್ತು. ಒಂದೇ ಕಾಲಿನ ಮೇಲೆ ನಿಂತಿತ್ತು. ಕೊಕ್ಕಿನ ತುದಿಯಲ್ಲಿ ಒಂದು ಬಲ್ಬು.

"ಕಂಡುಹಿಡಿದೆ ನೋಡು," ಎಂದಳು ರೀಟ್. "ಪ್ರತಿ ಬುಧವಾರ ಸಂತೆಗೆ ಹೋಗುವಾಗ ನೋಡ್ತೀನಿ, ಆ ಗಿಫ್ಟ್ ಅಂಗಡಿ ಗಾಜಿನ ಮುಂದೆ ಸೈಕಲ್ ಹಿಡ್ಕೊಂಡು ನಿಂತು ಇದನ್ನೇ ದಿಟ್ಟಿಸ್ತಿರ್ತೀಯ. ಕರೆದರೂ ಕೇಳಿಸಲ್ಲ. ಅಷ್ಟು ಆಸೆ ಇದ್ದರೆ ಬಾಯಿಬಿಟ್ಟು ಹೇಳೋಕೇನೇ?"

"ಹೇಳೋಣ ಅಂತಿದ್ದೆ," ಎಂದೆ.

"ನನ್ನ ತಮ್ಮನಿಗೆ ಕಣ್ಣಿದ್ದಿದ್ರೆ ಅವನೇ ತಂದ್ಕೊಡ್ತಿದ್ದ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿ ಅವನಿಗೆ ಎದುರಿನ ಸಿಗ್ನಲ್ ಬಿಟ್ಟು ಬೇರೆ ಏನೂ ಕಾಣಲ್ಲ."

ಎಲ್ಲರೂ ನಕ್ಕರು. ಬೆರೆಂಡ್ ಕೂಡ ನಕ್ಕ. ನಕ್ಕ ಮೇಲೆ ನನ್ನ ಕಡೆ ಒಂದು ಸಲ ನೋಡಿದ. ತನಗೆ ಗೊತ್ತಿಲ್ಲದ್ದು ಮನೆಯಲ್ಲಿ ಏನೋ ಇದೆ ಎನ್ನುವ ಹಾಗೆ.

ನಿಜ ಹೇಳಬೇಕೆಂದರೆ ಆ ಬಕವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಸಂತೆಯ ದಿನ ಉದ್ದಬೀದಿಯಲ್ಲಿ ಸೈಕಲ್ ಓಡಿಸುವಂತಿಲ್ಲ, ಇಳಿದು ತಳ್ಳಿಕೊಂಡು ಹೋಗಬೇಕು. ಸೇತುವೆ ದಾಟಿ ನೂರು, ನೂರಿಪ್ಪತ್ತು ಮೀಟರು ನಡೆಯುವಷ್ಟರಲ್ಲಿ ನನ್ನ ಎಡಗಾಲಿನ ಮೀನಖಂಡವನ್ನು ಯಾರೋ ಒಳಗಿನಿಂದ ಹಿಡಿದು ಹಿಂಡುತ್ತಿದ್ದರು. ನಿಂತರೆ ಎರಡು ಮೂರು ನಿಮಿಷದಲ್ಲಿ ಬಿಡುತ್ತಿತ್ತು. ನಡುಬೀದಿಯಲ್ಲಿ ಸುಮ್ಮನೆ ನಿಂತ ಹೆಂಗಸನ್ನು ಜನ ಏನಾಯಿತೆಂದು ಕೇಳುತ್ತಾರೆ. ಅಂಗಡಿ ಗಾಜಿನ ಮುಂದೆ ನಿಂತವಳನ್ನು ಯಾರೂ ಕೇಳುವುದಿಲ್ಲ. ನೋವು ಬರುವ ಜಾಗದಲ್ಲಿ ಆ ಅಂಗಡಿ ಇತ್ತು, ಅಷ್ಟೇ.

ಈ ಕಾಯಿಲೆಗೆ ನಮ್ಮ ಕಡೆ ಅಂಗಡಿಗಾಜಿನ ಕಾಲು ಎಂದೇ ಹೆಸರು. ಆ ಹೆಸರು ನನಗೆ ಹತ್ತೊಂಬತ್ತನೆಯ ವಯಸ್ಸಿನಿಂದ ಗೊತ್ತು. ಅಪ್ಪನಿಗಿತ್ತು. ಅವರು ನದಿದಂಡೆಯ ಇಟ್ಟಿಗೆ ಕಾರ್ಖಾನೆಯಲ್ಲಿದ್ದರು. ಕಾಲು ನೋಯುತ್ತದೆ ಎಂದಾಗ ಎಲ್ಲರೂ ಕೂತುಕೋ ಎಂದರು. ಅಪ್ಪ ಕೂತರು. ಕೂತಷ್ಟೂ ನಡೆಯುವ ದೂರ ಕಡಿಮೆಯಾಯಿತು, ಕಡಿಮೆಯಾದಷ್ಟೂ ಕೂತರು. ಜೊತೆಗೆ ಸಕ್ಕರೆ ಕಾಯಿಲೆ, ದಿನಕ್ಕೊಂದು ಪೊಟ್ಟಣ ತಂಬಾಕು. ಕೊನೆಗೆ ಹೆಬ್ಬೆರಳಿನ ಗಾಯ ಮಾಯಲಿಲ್ಲ. ಅಪ್ಪ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಅಮ್ಮ ಅವರ ನಾಲ್ಕು ಪ್ಯಾಂಟುಗಳನ್ನು ನನ್ನ ಹೊಲಿಗೆ ಯಂತ್ರದ ಮೇಲೆ ತಂದಿಟ್ಟು, "ಎಡಗಾಲು ಸರಿಮಾಡು" ಎಂದಳು. ಆಗ ನಾನು ಹೊಲಿಗೆ ಕಲಿಯುತ್ತಿದ್ದೆ. ಕತ್ತರಿಸಲೋ ಮಡಚಲೋ ಎಂದು ಕೇಳಿದೆ. ಅಮ್ಮ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿ, "ಮಡಚು, ಬಟ್ಟೆ ಇನ್ನೂ ಚೆನ್ನಾಗಿದೆ" ಎಂದಳು.

ಅದಕ್ಕೂ ಮುಂಚಿನ ವರ್ಷಗಳದ್ದು ಇನ್ನೊಂದು ನೆನಪು. ಅಪ್ಪ ಕುರ್ಚಿಯಿಂದ ಎದ್ದರೆ ಅಮ್ಮ ಅವರ ಮುಖ ನೋಡುತ್ತಿರಲಿಲ್ಲ. ಕಾಲನ್ನೇ ನೋಡುತ್ತಿದ್ದಳು. ಬಾಗಿಲಿಗೆ ಹೋಗುವವರೆಗೆ, ಬರುವವರೆಗೆ. ಬೆರೆಂಡ್‌ನ ಕಣ್ಣು ಹಾಗೆ ಕೆಳಗಿಳಿಯುವುದು ನನಗೆ ಬೇಡವಾಗಿತ್ತು. ಅವನಿಗೆ ಹೇಳದಿರುವುದಕ್ಕೆ ಅದು ಒಂದು ಕಾರಣ. ಬಾಯಿಬಿಟ್ಟು ಹೇಳಿದ ದಿನ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು.

ಬಕವನ್ನು ಕಿಟಕಿಯ ಹತ್ತಿರ ಇಟ್ಟೆವು. ಬೆಳಿಗ್ಗೆ ಎದ್ದರೆ ಒಂಟಿಕಾಲಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಹತ್ತು ದಿನ ತಡೆದುಕೊಂಡು ಡಾಕ್ಟರ ಬಳಿ ಹೋದೆ.

ಅವರು ತೋಳಿಗೂ ಕಾಲಗಿಣ್ಣಿಗೂ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆದರು. ತೋಳಿನಲ್ಲಿ ಇದ್ದುದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಕಾಲಿನಲ್ಲಿತ್ತು. ತೊಡೆಯ ರಕ್ತನಾಳ ಕಟ್ಟಿಕೊಂಡಿದೆ ಎಂದರು.

"ಆಪರೇಷನ್ನಾ?" ಎಂದೆ.

"ಅದು ಆಮೇಲಿನ ಮಾತು. ಮೊದಲು ಮೂರು ತಿಂಗಳು ನಡೀರಿ. ಸಿಗರೇಟು ಇವತ್ತೇ ಬಿಡಿ."

"ನಡೆದರೇನೇ ಅಲ್ವಾ ನೋಯೋದು?"

"ಹೌದು. ಅದಕ್ಕೇ ನಡೀಬೇಕು. ಮೇ ತಿಂಗಳಲ್ಲಿ ಮತ್ತೆ ಅಳೀತಾರೆ. ನಿಲ್ಲದೆ ನಾನೂರು ಮೀಟರ್ ಆದರೆ ಆಪರೇಷನ್ ಮಾತು ಬಿಟ್ಟುಬಿಡೋಣ. ಈ ಕಾಯಿಲೆ ಇರೋರಲ್ಲಿ ಹೆಚ್ಚಿನವರು ಕಾಲು ಕಳ್ಕೊಳ್ಳಲ್ಲ, ಕೇಳಿಸ್ತಾ?"

ಕೇಳಿಸಿತು. ಆದರೆ ಆ ಹೆಚ್ಚಿನವರ ಪ್ಯಾಂಟುಗಳನ್ನು ನಾನು ಹೊಲಿದಿರಲಿಲ್ಲ.

ನಡಿಗೆ ಕಲಿಸಲು ನನ್ನನ್ನು ಒಪ್ಪಿಸಿದ್ದು ಫೆಮ್ಕೆ ಎಂಬ ಹುಡುಗಿಗೆ. ಚರ್ಚಿನ ಹಿಂದೆ ಅವಳ ವ್ಯಾಯಾಮದ ಕೋಣೆ. ನನ್ನ ಮಗಳಾಗುವಷ್ಟು ಚಿಕ್ಕವಳು, ಕಿವುಡರೊಡನೆ ಮಾತಾಡುವಷ್ಟು ದೊಡ್ಡ ದನಿ.

"ದಿನಾ ವ್ಯಾಯಾಮ ಏನಾದ್ರೂ ಮಾಡ್ತೀರಾ?"

"ಕೆಲಸಕ್ಕೆ ಹೋಗಿ ಬರೋದು ಹದಿನಾಲ್ಕು ಕಿಲೋಮೀಟರ್. ಸೈಕಲ್," ಎಂದೆ ಸ್ವಲ್ಪ ಜಂಬದಿಂದ. ನದಿಯಾಚೆಯ ಊರಿನಲ್ಲಿ ಬಟ್ಟೆ ತಿದ್ದಿಕೊಡುವ ಅಂಗಡಿಯಲ್ಲಿ ನನ್ನ ಕೆಲಸ.

"ಸೈಕಲ್ ಒಳ್ಳೇದೇ. ಆದ್ರೆ ಈ ಕಾಲಿಗೆ ಲೆಕ್ಕಕ್ಕಿಲ್ಲ. ನಡೆಯೋದೆಷ್ಟು?"

"ಸೈಕಲ್ ನಿಲ್ಲಿಸೋ ಜಾಗದಿಂದ ಬಾಗಿಲ ತನಕ."

ಅವಳಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಜನ ಎಲ್ಲಾ ಹೀಗೇ. ಸೈಕಲ್ ಮೇಲೆ ಗಟ್ಟಿಮುಟ್ಟು, ಇಳಿದರೆ ಗೊತ್ತಾಗತ್ತೆ."

ಅದೇ ನಿಜ. ಒಂದು ವರ್ಷವಿಡೀ ಸೈಕಲ್ಲು ನನ್ನ ಕಾಲನ್ನು ನನ್ನಿಂದಲೇ ಮುಚ್ಚಿಟ್ಟಿತ್ತು. ಎದುರುಗಾಳಿಗೆ ತುಳಿದು ಹೋಗುವವಳನ್ನು ಯಾರು ರೋಗಿ ಎಂದಾರು?

ಟ್ರೆಡ್‌ಮಿಲ್ಲಿನ ಓಡುಪಟ್ಟಿಯ ಮೇಲೆ ಮೊದಲ ದಿನ ನೂರಮೂವತ್ತು ಮೀಟರಿಗೆ ನಿಂತುಬಿಟ್ಟೆ. ಫೆಮ್ಕೆ ಬರೆದುಕೊಂಡಳು. "ನೋವು ಶುರುವಾದ ಕೂಡಲೇ ನಿಲ್ಲಬೇಡಿ. ತಡ್ಕೊಳ್ಳೋದು ಕಷ್ಟ ಅನ್ನೋ ತನಕ ನಡೀರಿ. ಆಮೇಲೆ ನಿಲ್ಲಿ. ಪೂರ್ತಿ ಬಿಟ್ಟ ಮೇಲೆ ಮತ್ತೆ ನಡೀರಿ. ಹೀಗೆ ಅರ್ಧ ಗಂಟೆ. ಇಲ್ಲಿಗೆ ಬರೋದೂ ನಡೆದೇ."

"ಕಾಲು ಹಾಳಾಗಲ್ವಾ?"

"ಕೂತ್ರೆ ಹಾಳಾಗತ್ತೆ. ದೊಡ್ಡ ರಕ್ತನಾಳ ಮುಚ್ಚಿದೆ ತಾನೇ? ನೀವು ನಡೀತಾ ಇದ್ರೆ ಪಕ್ಕದ ಸಣ್ಣಪುಟ್ಟ ನಾಳಗಳು ಅಗಲ ಆಗ್ತಾವೆ. ಸ್ನಾಯುವಿಗೂ ಇರೋ ರಕ್ತದಲ್ಲೇ ಕೆಲಸ ಮಾಡೋದು ರೂಢಿಯಾಗತ್ತೆ. ಆದ್ರೆ ರಕ್ತ ಬೇಕು ಅಂತ ಕಾಲು ಕೇಳಬೇಕು. ನೋವೇ ಅದು ಕೇಳೋ ರೀತಿ."

ಮನೆಗೆ ಬಂದು ಕಕ್ಕಸಿನ ಬಾಗಿಲಿಗೆ ತೂಗುಹಾಕಿದ್ದ, ಎಲ್ಲರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರಿನಲ್ಲಿ, ಮತ್ತೆ ಅಳೆಯುವ ದಿನವಾದ ಮೇ ಹದಿನಾಲ್ಕರ ಮುಂದೆ ಸಣ್ಣದೊಂದು ಚುಕ್ಕೆ ಇಟ್ಟೆ. ಹೆಸರು ಬರೆಯಲಿಲ್ಲ.

ಫೆಬ್ರವರಿಯ ಚಳಿ. ಚಳಿಗೆ ನೋವು ಬೇಗ ಬರುತ್ತಿತ್ತು. ಬೆರೆಂಡ್‌ನ ಪಾಳಿ ನೋಡಿಕೊಂಡು ಹೊರಡುತ್ತಿದ್ದೆ. ಉದ್ದಬೀದಿಯನ್ನು ಅಡ್ಡಹಾಯುವ ರಸ್ತೆಯಲ್ಲೇ ಅವನ ಬಸ್ಸಿನ ದಾರಿ. ಸೇತುವೆ, ಕನ್ನಡಕದ ಅಂಗಡಿ, ಗಿಫ್ಟ್ ಅಂಗಡಿ. ಬಕ ಇದ್ದ ಜಾಗದಲ್ಲಿ ಈಗ ಪಿಂಗಾಣಿ ಹಂದಿ ಕೂತಿತ್ತು. ಅಲ್ಲಿ ಹಿಂಡುತ್ತಿತ್ತು. ಹಲ್ಲು ಕಚ್ಚಿ ಇನ್ನಿಪ್ಪತ್ತು ಹೆಜ್ಜೆ, ಆಮೇಲೆ ಇನ್ನೂ ಹತ್ತು. ನೋವಿನೊಳಗೆ ಬೇಕೆಂದೇ ನಡೆದುಹೋಗುವುದು ಎಂಥ ಭಯ ಎಂದು ಹೇಗೆ ಹೇಳಲಿ. ಪ್ರತಿ ಹೆಜ್ಜೆಗೂ ಈಗ ಏನೋ ಹರಿಯಿತು, ಈಗ ಏನೋ ಸತ್ತಿತು ಅನ್ನಿಸುತ್ತಿತ್ತು. ಮನೆಗೆ ಬಂದು ಬಚ್ಚಲಲ್ಲಿ ಕಾಲುಚೀಲ ಕಳಚಿ ಬೆರಳುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಹೆಬ್ಬೆರಳನ್ನು ಒತ್ತಿ, ಬಿಳಿಯಾದದ್ದು ಮತ್ತೆ ಕೆಂಪಾಗುವವರೆಗೆ ಉಸಿರು ಹಿಡಿದಿರುತ್ತಿದ್ದೆ.

ಮಾರ್ಚ್ ನಡುವಿನ ಹೊತ್ತಿಗೆ ನಾನು ನಿಲ್ಲುವ ಜಾಗ ಎಂಬತ್ತು ಮೀಟರು ಮುಂದೆ ಹೋಯಿತು. ಮೂಲೆಯಲ್ಲಿ ಮನೆ ಮಾರುವವರ ಕಚೇರಿ. ಗಾಜಿಗೆ ಮನೆಗಳ ಫೋಟೋ ಅಂಟಿಸಿರುತ್ತಾರೆ. ಅಲ್ಲಿಗೆ ತಲುಪಿದ ದಿನ ನನಗೆ ಕೂಗಬೇಕು ಅನ್ನಿಸಿತ್ತು.

ಆದರೆ ಅಲ್ಲಿಂದ ಕಾಲು ಕದಲಲಿಲ್ಲ. ಒಂದು ವಾರ, ಎರಡು, ನಾಲ್ಕು. ಉಳಿದದ್ದೆಲ್ಲ ಸುಧಾರಿಸಿತ್ತು. ಮೆಟ್ಟಿಲಿಗೆ ಏದುಸಿರು ಬರುತ್ತಿರಲಿಲ್ಲ, ಸ್ಕರ್ಟಿನ ಸೊಂಟವನ್ನು ಎರಡು ಬೆರಳು ಒಳಗೆ ಹಿಡಿದು ಹೊಲಿದುಕೊಂಡಿದ್ದೆ, ಡಾಕ್ಟರು ಒತ್ತಡದ ಮಾತ್ರೆಯನ್ನು ಅರ್ಧ ಮಾಡಿದ್ದರು, ಎಷ್ಟೋ ವರ್ಷದ ಮೇಲೆ ಕಣ್ಣುಮುಚ್ಚಿದ ಕೂಡಲೇ ನಿದ್ದೆ ಬರುತ್ತಿತ್ತು. ಕಾಲು ಮಾತ್ರ ಆ ಮೂಲೆಯ ಗಾಜಿಗೆ ಬಂದರೆ ಮುಂದೆ ಇಲ್ಲ. "ಹಾಗಾಗತ್ತೆ, ಬಿಡಬೇಡಿ," ಎಂದಳು ಫೆಮ್ಕೆ. ಆ ಮನೆಗಳೆಲ್ಲ ನನಗೆ ಬಾಯಿಪಾಠವಾದವು. ಮುಖ ಗಾಜಿಗೆ, ಬೆನ್ನು ರಸ್ತೆಗೆ. ಏಪ್ರಿಲ್ ಮುಗಿಯುತ್ತ ಬಂತು. ಚುಕ್ಕೆಗೆ ಹದಿನೈದು ದಿನ ಉಳಿಯಿತು.

ಆ ದಿನಗಳಲ್ಲೇ ಬೆರೆಂಡ್ ಬದಲಾದ. ಎರಡು ವರ್ಷದಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ನಾನು ಹೇಳದೆಯೇ ಸರಿಮಾಡಿದ. ಹಿಂಬಾಗಿಲಿಗೆ ಬಣ್ಣ ಹೊಡೆದ. ಒಂದು ಸಂಜೆ ಬಟಾಣಿ ಸೂಪು ಬಡಿಸುತ್ತಿದ್ದಾಗ ತಟ್ಟೆಯಿಂದ ಕಣ್ಣೆತ್ತದೆ ಕೇಳಿದ: "ನಿನಗೆ ಈ ಮನೆ ಮೆಟ್ಟಿಲು ಜಾಸ್ತಿ ಅನ್ಸತ್ತಾ?"

ಅವನಿಗೆ ಗೊತ್ತಾಗಿದೆ ಎಂದುಕೊಂಡೆ. "ಇಲ್ಲವಲ್ಲ, ಯಾಕೆ?"

"ಸುಮ್ಮನೆ ಕೇಳ್ದೆ."

ಎರಡು ದಿನ ಬಿಟ್ಟು ಕಕ್ಕಸಿನಿಂದ ಹೊರಬಂದವನು ಬಾಗಿಲಲ್ಲೇ ನಿಂತ. "ಮೇ ಹದಿನಾಲ್ಕು ಯಾರದು?"

"ಯಾವುದು?"

"ಕ್ಯಾಲೆಂಡರಲ್ಲಿ. ಚುಕ್ಕೆ ಇದೆ, ಹೆಸರಿಲ್ಲ."

"ಪೆನ್ನು ತಾಗಿರಬೇಕು."

"ಹ್ಞೂಂ," ಎಂದ. ಹೋಗಿ ಬಕದ ದೀಪ ಹಚ್ಚಿದ, ಆರಿಸಿದ, ಮತ್ತೆ ಹಚ್ಚಿದ.

ಭಾನುವಾರ ಕಾಫಿಗೆ ಬಂದ ರೀಟ್ ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ಸಪೂರ ಆಗಿದ್ದೀಯ, ಸಿಗರೇಟು ಬಿಟ್ಟಿದ್ದೀಯ, ಹೊಸ ಬೂಟು ಬೇರೆ. ಯಾರೇ ಅವನು?"

ನಾನು ನಕ್ಕೆ. ಬೆರೆಂಡ್ ನಗಲಿಲ್ಲ. ಸಕ್ಕರೆ ಹಾಕಿಕೊಳ್ಳದ ಕಾಫಿಯನ್ನು ಸುಮ್ಮನೆ ಕಲಕುತ್ತ ಕೂತಿದ್ದ. ಅವನು ಏನನ್ನು ಕೂಡಿಸಿ ಕಳೆದು ಕೂತಿದ್ದಾನೆಂದು ಆಗಲೂ ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಕಾಲು.

ಮೇ ಮೊದಲ ವಾರ, ಒಂದು ಗುರುವಾರ, ಮನೆಗಳ ಫೋಟೋ ಬಂತು, ಕಾಲು ಹಿಂಡಲಿಲ್ಲ. ನಂಬಿಕೆ ಬರದೆ ನಡೆದೆ. ಉಣ್ಣೆ ಮಾರುವ ಅಂಗಡಿಯ ಹತ್ತಿರ ಹಿಡಿಯಿತು. ಸೇತುವೆಯಿಂದ ಇನ್ನೂರೈವತ್ತು ಮೀಟರು. ಮರುದಿನ ಅದನ್ನೂ ದಾಟಿದೆ. ಹಾಗೆಂದು ನಾನೂರು ಸಿಕ್ಕಿಬಿಟ್ಟಿತು ಎಂದೇನಲ್ಲ. ಒಂದು ದಿನ ಮುನ್ನೂರು, ಇನ್ನೊಂದು ದಿನ ಮುನ್ನೂರಐವತ್ತು, ಮಳೆಯ ದಿನ ಮತ್ತೆ ಇನ್ನೂರೈವತ್ತು.

ಹದಿನಾಲ್ಕರ ಬೆಳಿಗ್ಗೆ ಬೆರೆಂಡ್ ಸಮವಸ್ತ್ರ ಹಾಕಿಕೊಂಡು ಎಂದಿನಂತೆ ಹೊರಟ. ಬಾಗಿಲಲ್ಲಿ ಏನೋ ಹೇಳಲು ನಿಂತು, "ಛತ್ರಿ ತಗೊಂಡು ಹೋಗು" ಎಂದು ಹೋದ. ಎಲ್ಲಿಗೆ ಎಂದು ಕೇಳಲಿಲ್ಲ. ಒಂಬತ್ತೂವರೆಗೆ ನಾನು ಸೇತುವೆ ದಾಟಿದೆ. ಕನ್ನಡಕ, ಪಿಂಗಾಣಿ ಹಂದಿ. ಕಾಲು ಹಗುರವಾಗಿತ್ತು. ಮೂಲೆಯ ಕಡೆಗೆ ಕಣ್ಣು ಹಾಯಿಸಿದರೆ, ಮನೆ ಮಾರುವವರ ಗಾಜಿನ ಮುಂದೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಲ್ಲುತ್ತಿದ್ದ ಹಾಗೆಯೇ ಒಬ್ಬ ಗಂಡಸು ನಿಂತಿದ್ದ. ಬಸ್ಸಿನವರ ನೀಲಿ ಕೋಟು.

ಹತ್ತಿರ ಬಂದಾಗ ಅವನು ನನ್ನತ್ತ ತಿರುಗದೆ ಗಾಜಿನ ಮೇಲೆ ಬೆರಳಿಟ್ಟ. "ಇದಾ?"

ಸಣ್ಣ ಮನೆಯೊಂದರ ಫೋಟೋ. ಒಂದು ಮಲಗುವ ಕೋಣೆ, ಬಾಲ್ಕನಿ, ಲಿಫ್ಟ್ ಇದೆ, ಒಬ್ಬರಿಗೆ ಸೂಕ್ತ ಎಂದು ಬರೆದಿತ್ತು.

"ಏನಿದು?" ಎಂದೆ.

"ನನ್ನನ್ನೇ ಕೇಳ್ತೀಯಾ? ಏಳು ವಾರದಿಂದ ಇದರ ಮುಂದೆ ನಿಲ್ತಿದ್ದೀಯ. ಪಾಳಿ ಬದಲಾದಾಗೆಲ್ಲ ಸಿಗ್ನಲ್‌ನಲ್ಲಿ ನೋಡಿದೀನಿ. ಒಂದ್ಸಲ ಹಾರ್ನ್ ಹೊಡೆದೆ, ಬಸ್ಸಲ್ಲಿದ್ದವರೆಲ್ಲ ಎದ್ದು ಕೂತ್ರು, ನೀನು ತಿರುಗಲಿಲ್ಲ." ಅವನ ದನಿ ಏರಲಿಲ್ಲ. ನಿಲ್ದಾಣಗಳ ಹೆಸರು ಕೂಗುವಂತೆ ಒಂದೊಂದಾಗಿ ಹೇಳಿದ. "ಹೋಗೋದಾದ್ರೆ ಹೋಗು ಡಿನಿ. ಆದ್ರೆ ಮುಂಚೆ ನನಗೆ ಹೇಳಬೇಕಿತ್ತು. ಇವತ್ತೇ ಅಲ್ವಾ ಬೀಗದಕೈ ಕೊಡೋದು?"

ನನ್ನ ಹೆಜ್ಜೆ ತಡವರಿಸಿತು. ನಿಂತರೆ ನಾಳೆಗೂ ಅಲ್ಲೇ ನಿಂತಿರುತ್ತೇನೆ ಅನ್ನಿಸಿತು.

"ನಡಿ ಬೆರೆಂಡ್."

"ಎಲ್ಲಿಗೆ?"

"ಮುಂದಕ್ಕೆ. ನಾನು ನಿಲ್ಲಬಾರದು."

"ಇಷ್ಟು ದಿನ ನಿಂತೆಯಲ್ಲ. ನಾನಿರುವಾಗ ಮಾತ್ರ ನಿಲ್ಲಲ್ವಾ?"

"ಕಾಲು ಕಣೋ," ಎಂದೆ ನಡೆಯುತ್ತಲೇ. "ಮನೆಯಲ್ಲ. ಕಾಲು. ಎಡಗಾಲು."

ಅವನು ನಾಲ್ಕು ದಾಪುಗಾಲಲ್ಲಿ ನನ್ನ ಪಕ್ಕಕ್ಕೆ ಬಂದ. "ಏನಾಗಿದೆ ಕಾಲಿಗೆ?"

"ಅಪ್ಪನಿಗೆ ಆದದ್ದು."

ಅಪ್ಪನನ್ನು ಗಾಲಿಕುರ್ಚಿಯಲ್ಲೇ ನೋಡಿದ್ದವನು ಬೆರೆಂಡ್. ನಮ್ಮ ಮದುವೆಯ ದಿನ ಅವರನ್ನು ಪುರಸಭೆಯ ಮೆಟ್ಟಿಲು ಹತ್ತಿಸಿದ್ದವನೂ ಅವನೇ. ಅವನ ಕಣ್ಣು ಕೆಳಗಿಳಿಯಿತು.

"ಕಾಲು ನೋಡಬೇಡ."

"ಮತ್ತೆ ಏನು ನೋಡ್ಲಿ?"

"ಮುಂದೆ ನೋಡು. ಬಸ್ಸು ಓಡಿಸುವಾಗ ನೋಡೋ ಹಾಗೆ."

ಅವನು ತಲೆ ಎತ್ತಿದ. ಹಾಗೇ ನಡೆದೆವು. ಇಷ್ಟು ದಿನ ಹೇಳಲಾಗದ್ದನ್ನೆಲ್ಲ ನಡೆಯುತ್ತ ಹೇಳಿದೆ. ಕಟ್ಟಿಕೊಂಡ ರಕ್ತನಾಳ, ನೂರಮೂವತ್ತು ಮೀಟರು, ನೋವಿನೊಳಗೆ ನಡೆಯುವುದು, ಚುಕ್ಕೆ. "ಸೇತುವೆ ರಿಪೇರಿಗೆ ಮುಚ್ಚಿದಾಗ ನಿನ್ನ ಬಸ್ಸು ಹಿಂದಿನ ಸಂದಿಗಳಲ್ಲಿ ನುಗ್ಗಿ ಹೋಗ್ತಿತ್ತಲ್ಲ, ಹಾಗೆ ರಕ್ತ ದಾರಿ ಮಾಡ್ಕೊಳ್ಳತ್ತಂತೆ."

"ಆ ಸಂದಿಗಳಲ್ಲಿ ನಾನು ಎರಡು ಕನ್ನಡಿ ಮುರಿದಿದ್ದೆ," ಎಂದ ಅವನು. "ಹಾಗಾದ್ರೆ ಬಕ?"

"ಅದನ್ನು ನಾನು ನೋಡೇ ಇರ್ಲಿಲ್ಲ."

"ನನಗೂ ಇಷ್ಟ ಇಲ್ಲ. ನಿನಗೋಸ್ಕರ ದಿನಾ ಒರೆಸ್ತಿದ್ದೆ."

ಉಣ್ಣೆ ಅಂಗಡಿ ದಾಟಿತು. ಸ್ವಲ್ಪ ಮುಂದೆ ಹಿಡಿಯತೊಡಗಿತು. ಹೇಳಲಿಲ್ಲ, ಆದರೆ ನಾನು ಮಾತು ನಿಲ್ಲಿಸಿದ್ದರಿಂದ ಅವನಿಗೆ ಗೊತ್ತಾಯಿತು. ತೋಳು ಮುಂದೆ ಮಾಡಿದ. ಬೇಡವೆಂದು ತಲೆಯಾಡಿಸಿದೆ. ಮುಚ್ಚಿಹೋದ ಬ್ಯಾಂಕಿನವರೆಗೆ ಎಳೆದುಕೊಂಡು ಹೋಗಿ ನಿಂತೆ. ಗಾಜಿನೊಳಗೆ ಏನೂ ಇರಲಿಲ್ಲ. ಬರೀ ನೆಲ, ಮೂಲೆಯಲ್ಲೊಂದು ಮುರಿದ ಕುರ್ಚಿ. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಅವನ ಉಸಿರು ನನ್ನದಕ್ಕಿಂತ ಜೋರಾಗಿತ್ತು.

ಬುಧವಾರ. ಸಂತೆಯಿಂದ ಬರುತ್ತಿದ್ದ ರೀಟ್ ಸೈಕಲ್ ತಳ್ಳಿಕೊಂಡು ಹತ್ತಿರ ಬಂದಳು. "ಏನ್ ನೋಡ್ತಿದ್ದೀರೋ ಇಬ್ಬರೂ? ಖಾಲಿ ಅಂಗಡಿ."

"ಇವಳಿಗೆ ಇದರ ಮೇಲೆ ಆಸೆ," ಎಂದ ಬೆರೆಂಡ್. "ಮುಂದಿನ ಹುಟ್ಟುಹಬ್ಬಕ್ಕೆ ತಂದ್ಕೊಡು."

ಫೆಮ್ಕೆ ಕಾಲು ಗಂಟೆ ಕೂರಿಸಿ, ಆಮೇಲೆ ಓಡುಪಟ್ಟಿಯ ಮೇಲೆ ಹತ್ತಿಸಿದಳು. ಬೆರೆಂಡ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಟೋಪಿ ಹಿಡಿದು ಕೂತ. ಇನ್ನೂರು. ಇನ್ನೂರಎಂಬತ್ತು. ಮುನ್ನೂರಕ್ಕೆ ಹಿಂಡತೊಡಗಿತು. ಮುನ್ನೂರನಲವತ್ತಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಹೊಲಿಗೆ ಯಂತ್ರದ ಮೇಲೆ ಮಡಚಿಟ್ಟ ಅಪ್ಪನ ಬೂದುಬಣ್ಣದ ಪ್ಯಾಂಟು ಕಾಣುತ್ತಿತ್ತು. ನಿಲ್ಲಲೇ ಎಂದು ಬೆರೆಂಡ್ ಕಡೆ ನೋಡಿದೆ. ಅವನು ನನ್ನ ಕಾಲು ನೋಡುತ್ತಿರಲಿಲ್ಲ. ಹೇಳಿಕೊಟ್ಟಂತೆ ನೇರ ಎದುರಿಗೆ, ನನ್ನ ಮುಖವನ್ನೇ ನೋಡುತ್ತಿದ್ದ. ಬೆಳಗಿನ ಮಂಜಿನಲ್ಲಿ ಬಸ್ಸು ಓಡಿಸುವವನ ಹಾಗೆ ಕಣ್ಣು ಕಿರಿದು ಮಾಡಿಕೊಂಡು.

ನಾನೂರಹನ್ನೊಂದಕ್ಕೆ ನಿಂತೆ.

ಆಮೇಲೆ ಡಾಕ್ಟರು ಅಳೆದಾಗ ಕಾಲಗಿಣ್ಣಿನ ಒತ್ತಡ ಸ್ವಲ್ಪವೇ ಏರಿತ್ತು. ಅದು ಅಷ್ಟೇ, ಹೆಚ್ಚು ಏರುವುದಿಲ್ಲ, ನಡೆಯುವ ದೂರವೇ ಮುಖ್ಯ ಎಂದರು ಡಾಕ್ಟರು. ಸದ್ಯಕ್ಕೆ ಆಪರೇಷನ್ ಇಲ್ಲ. ನಡಿಗೆ ಬಿಟ್ಟರೆ ಎಲ್ಲ ಹಿಂದಕ್ಕೆ ಬರುತ್ತದೆ, ವರ್ಷಕ್ಕೊಮ್ಮೆ ಬಂದು ಅಳೆಸಿಕೊಳ್ಳಬೇಕು. ಸದ್ಯಕ್ಕೆ ಎಂಬ ಆ ಒಂದು ಮಾತನ್ನು ನಾನು ಮನೆಯವರೆಗೂ ಹೊತ್ತು ತಂದೆ.

ಈಗ ರಜೆಯ ದಿನ ಬೆರೆಂಡ್ ನನ್ನ ಜೊತೆ ನಡೆಯುತ್ತಾನೆ. ನನಗಿಂತ ಮುಂಚೆ ಅವನೇ ಗಾಜಿನ ಮುಂದೆ ನಿಂತುಬಿಡುತ್ತಾನೆ, ಬೈದು ಹೊರಡಿಸಬೇಕು. ಕಾಲನ್ನು ನೋಡುವುದಿಲ್ಲ, ನೋಡಬಾರದೆಂದು ಅವನ ಕತ್ತು ಬಿಗಿಯಾಗಿರುವುದು ನನಗೆ ಕಾಣುತ್ತದೆ. ಬಚ್ಚಲಲ್ಲಿ ಹೆಬ್ಬೆರಳು ಒತ್ತಿ ನೋಡುವುದನ್ನು ನಾನೂ ಬಿಟ್ಟಿಲ್ಲ.

ನಾನೂರು ದಾಟಿದ ಆ ವಾರವೇ ಕಕ್ಕಸಿನ ಕ್ಯಾಲೆಂಡರಿನಲ್ಲಿ ಚುಕ್ಕೆಯ ಮುಂದೆ ಅವನು ತನ್ನ ದಪ್ಪ ಅಕ್ಷರದಲ್ಲಿ, ರೀಟ್‌ಳ ಮಗ ಮತ್ತು ಪಕ್ಕದ ಮನೆಯಾಕೆಯ ಹೆಸರುಗಳ ನಡುವೆ, 'ಡಿನಿಯ ಕಾಲು' ಎಂದು ಬರೆದ. ಹುಟ್ಟುಹಬ್ಬದ ಕ್ಯಾಲೆಂಡರಿಗೆ ವಾರವೂ ಇಲ್ಲ, ವರ್ಷವೂ ಇಲ್ಲ. ಬರೆದದ್ದು ಪ್ರತಿ ವರ್ಷ ಮತ್ತೆ ಬರುತ್ತದೆ.